ಘಟನೆಯಿಂದ ಘಟನೆಗೆ: ವ್ಯವಹಾರ ಪ್ರಕ್ರಿಯೆಗೆ ಇಪಿಸಿ ನಕ್ಷೆ ಬರೆಯುವ ಸಮಗ್ರ ಮಾರ್ಗದರ್ಶಿ

ನಿಮ್ಮಲ್ಲಿ ಕೆಲಸ ಹೇಗೆ ಸಾಗುತ್ತದೆ ಎಂದು ಯಾವ ಕಚೇರಿಯಲ್ಲಿ ಕೇಳಿದರೂ ಸಿಗುವುದು ಕೆಲಸಗಳ ಪಟ್ಟಿ. ಅರ್ಜಿ ನೋಡುತ್ತೇವೆ, ಒಪ್ಪಿಗೆ ಕೊಡುತ್ತೇವೆ, ಲೆಕ್ಕಕ್ಕೆ ಕಳಿಸುತ್ತೇವೆ. ಅದೇ ಜನರನ್ನು ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಈ ಕೆಲಸ ಶುರುವಾಗಲು ಮೊದಲು ಏನು ಆಗಿರಬೇಕು? ಅದು ಮುಗಿಯಿತು ಅನ್ನುವುದು ಯಾವುದರಿಂದ ಗೊತ್ತಾಗುತ್ತದೆ? ಇಲ್ಲಿ ಉತ್ತರ ತಡವಾಗುತ್ತದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಡತಗಳು ಮೇಜಿನಿಂದ ಮೇಜಿಗೆ ಹೋಗುವಾಗ ಸಿಕ್ಕಿಬೀಳುವುದೂ ಇದೇ ಜಾಗದಲ್ಲಿ. ಇಪಿಸಿ, ಅಂದರೆ ಈವೆಂಟ್ ಡ್ರಿವನ್ ಪ್ರೊಸೆಸ್ ಚೈನ್, ಈ ಎರಡನೇ ಪ್ರಶ್ನೆಯನ್ನು ಪ್ರತಿ ಹೆಜ್ಜೆಗೂ ಕೇಳಿಯೇ ತೀರುವ ನಕ್ಷೆ. ನನಗೆ ಅದು ಇಷ್ಟವಾಗಿರುವುದೂ ಆ ಕಾರಣಕ್ಕೆ.

ಇದು ಹುಟ್ಟಿದ್ದು ಜರ್ಮನಿಯ ಸಾರ್‌ಬ್ರೂಕೆನ್‌ನಲ್ಲಿರುವ ಸಾರ್ಲಂಡ್ ವಿಶ್ವವಿದ್ಯಾಲಯದಲ್ಲಿ. ಕೆಲ್ಲರ್, ನ್ಯುಟ್‌ಗೆನ್ಸ್ ಮತ್ತು ಆಗಸ್ಟ್-ವಿಲ್ಹೆಲ್ಮ್ ಶೇರ್ 1992ರಲ್ಲಿ ಸ್ಯಾಪ್ ಎಂಬ ತಂತ್ರಾಂಶ ಕಂಪನಿಯ ಜೊತೆಗೂಡಿ ಇದನ್ನು ರೂಪಿಸಿದರು. ಶೇರ್ ಅವರ ಏರಿಸ್ ಎಂಬ ಚೌಕಟ್ಟಿನಲ್ಲಿ ಪ್ರಕ್ರಿಯೆಗಳನ್ನು ಬರೆಯುವ ಮುಖ್ಯ ವಿಧಾನ ಇದೇ ಆಯಿತು. ಸ್ಯಾಪ್ ಆರ್/3 ತಂತ್ರಾಂಶ ಯಾವ ಯಾವ ವ್ಯವಹಾರಗಳನ್ನು ನಿಭಾಯಿಸುತ್ತದೆ ಎಂದು ತೋರಿಸುವ ಮಾದರಿ ನಕ್ಷೆಗಳೂ ಇಪಿಸಿಯಲ್ಲೇ ಇದ್ದವು. ಈಗ ಬಿಪಿಎಂಎನ್ ಎಂಬ ಇನ್ನೊಂದು ನಕ್ಷೆಯ ವಿಧಾನ ಹೆಚ್ಚು ಬಳಕೆಯಲ್ಲಿದೆ. ಅದರ 2.0 ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಕಂಪ್ಯೂಟರ್ ನೇರವಾಗಿ ನಡೆಸಬೇಕಾದ ಪ್ರಕ್ರಿಯೆಗೆ ಬಿಪಿಎಂಎನ್ ಹೆಚ್ಚು ಹೊಂದುತ್ತದೆ. ಒಂದು ವಿಭಾಗದ ಜನರನ್ನು ಕೂರಿಸಿಕೊಂಡು ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕಾದಾಗ ನಾನು ಇಂದಿಗೂ ಇಪಿಸಿಯನ್ನೇ ಆರಿಸುತ್ತೇನೆ. ಕಲಿಯಬೇಕಾದ ಗುರುತುಗಳು ಬೆರಳೆಣಿಕೆಯಷ್ಟು, ನಿಯಮಗಳೂ ಅಷ್ಟೇ.

ಉದಾಹರಣೆಗೆ ಮಾರಿದ ವಸ್ತುವನ್ನು ಗ್ರಾಹಕರು ವಾಪಸ್ ಮಾಡುವ ಪ್ರಕ್ರಿಯೆಯನ್ನು ಇಟ್ಟುಕೊಳ್ಳೋಣ. ಇದು ಚಿಕ್ಕದು, ಎಲ್ಲರಿಗೂ ಪರಿಚಿತ. ಆದರೂ ನಕ್ಷೆ ಬರೆಯುವವರಿಗೆ ಎದುರಾಗುವ ತೊಡಕುಗಳೆಲ್ಲ ಇದರಲ್ಲಿವೆ.

ಗುರುತುಗಳು

ಘಟನೆಗೆ ಆರು ಮೂಲೆಯ ಆಕಾರ, ಕೆಲಸಕ್ಕೆ ಮೂಲೆ ದುಂಡಗಿರುವ ಆಯತ. ಏರಿಸ್ ರೂಢಿಯಲ್ಲಿ ಘಟನೆಗೆ ಗುಲಾಬಿ ಅಥವಾ ನಸುಗೆಂಪು, ಕೆಲಸಕ್ಕೆ ಹಸಿರು. ದಾರಿ ಕವಲೊಡೆಯುವಲ್ಲಿ, ಸೇರುವಲ್ಲಿ ಸಣ್ಣ ವೃತ್ತ. ಇದನ್ನು ಕನೆಕ್ಟರ್ ಅನ್ನುತ್ತಾರೆ. ಕನೆಕ್ಟರ್‌ನಲ್ಲಿ ಮೂರು ಬಗೆ. ‘ಮತ್ತು’ ಇದ್ದರೆ ಎಲ್ಲ ದಾರಿಗಳೂ ಸಾಗುತ್ತವೆ. ‘ಎಕ್ಸಾರ್’ ಇದ್ದರೆ ಒಂದೇ ಒಂದು ದಾರಿ. ‘ಅಥವಾ’ ಇದ್ದರೆ ಒಂದು, ಕೆಲವು ಅಥವಾ ಎಲ್ಲ. ಇವನ್ನು ಬಾಣಗಳಿಂದ ಜೋಡಿಸಿದರೆ ಮೂಲ ಇಪಿಸಿ ಆಯಿತು. ಕೆಲಸದ ಪಕ್ಕದಲ್ಲಿ ಅದನ್ನು ಮಾಡುವ ವಿಭಾಗ, ಬಳಸುವ ದಾಖಲೆ, ತಂತ್ರಾಂಶ ಇವನ್ನೂ ಸೇರಿಸಿದರೆ ಅದು ವಿಸ್ತೃತ ಇಪಿಸಿ.

ಮೊದಲ ಕರಡನ್ನು ದೊಡ್ಡ ಕಾಗದ, ಎರಡು ಬಣ್ಣದ ಅಂಟುಚೀಟಿಗಳಲ್ಲೇ ಮಾಡಿ. ಎಲ್ಲರ ಕೈಯೂ ಚೀಟಿಗೆ ಎಟುಕುತ್ತದೆ, ಮೌಸ್ ಒಬ್ಬರ ಕೈಯಲ್ಲಿರುತ್ತದೆ. ನಕ್ಷೆ ನೆಲೆಗೆ ಬಂದ ಮೇಲೆ ವಿಸಿಯೊ ಅಥವಾ ಏರಿಸ್‌ನಂಥ ತಂತ್ರಾಂಶಕ್ಕೆ ಇಳಿಸಿದರೆ ಸಾಕು.

ಮೊದಲ ಹೆಜ್ಜೆ: ಎರಡು ತುದಿಗಳನ್ನು ಗೊತ್ತುಮಾಡಿಕೊಳ್ಳಿ

ಇಪಿಸಿ ಘಟನೆಯಿಂದಲೇ ಶುರುವಾಗಬೇಕು, ಘಟನೆಯಲ್ಲೇ ಮುಗಿಯಬೇಕು. ಆದ್ದರಿಂದ ಯಾವ ಕೆಲಸದ ಬಗ್ಗೆಯೂ ಮಾತಾಡುವ ಮೊದಲು ತುದಿಗಳನ್ನು ಬರೆಯಿರಿ. ನಮ್ಮ ಪ್ರಕ್ರಿಯೆ ‘ವಾಪಸ್ ಕೋರಿಕೆ ಬಂದಿದೆ’ ಎಂಬಲ್ಲಿ ಶುರು. ಕೊನೆ ಒಂದೇ ಇರಬೇಕೆಂದಿಲ್ಲ. ಹಣ ಮರಳಿ ಕಡತ ಮುಚ್ಚಿರಬಹುದು, ಕೋರಿಕೆ ತಿರಸ್ಕಾರವಾಗಿ ಗ್ರಾಹಕರಿಗೆ ಕಾರಣ ತಿಳಿದಿರಬಹುದು. ಹೊಸ ವಸ್ತುವಿಗೆ ಬದಲಿಸಿ ಕೊಡುವುದು ಬೇರೆ ಪ್ರಕ್ರಿಯೆ ಎಂದು ಈಗಲೇ ಹೊರಗಿಡಿ. ಹೀಗೆ ಬೇಲಿ ಹಾಕದೆ ಹೊರಟರೆ ನಕ್ಷೆ ಗೋಡೆಯುದ್ದ ಬೆಳೆಯುತ್ತದೆ, ಮುಗಿಯುವುದಿಲ್ಲ.

ಎರಡನೇ ಹೆಜ್ಜೆ: ಘಟನೆಗಳನ್ನು ಮಾತ್ರ ಬರೆಯಿರಿ

ಹೆಚ್ಚಿನವರು ಕೆಲಸಗಳಿಂದ ಶುರುಮಾಡಿ, ಆಮೇಲೆ ನಿಯಮಕ್ಕಾಗಿ ನಡುವೆ ಘಟನೆಗಳನ್ನು ತುರುಕುತ್ತಾರೆ. ಆಗ ‘ಕೋರಿಕೆ ಪರಿಶೀಲಿಸು’ ಎಂಬ ಕೆಲಸದ ಹಿಂದೆ ‘ಕೋರಿಕೆ ಪರಿಶೀಲಿಸಲಾಗಿದೆ’ ಎಂಬ ಘಟನೆ ಬರುತ್ತದೆ. ತಪ್ಪೇನಿಲ್ಲ, ಆದರೆ ಅದರಿಂದ ಹೊಸದೇನೂ ತಿಳಿಯಲಿಲ್ಲ. ಪರಿಶೀಲಿಸಿದ್ದರಿಂದ ಏನಾಯಿತು? ಒಪ್ಪಿಗೆಯಾಯಿತೇ, ತಿರಸ್ಕಾರವಾಯಿತೇ, ಮಾಹಿತಿ ಸಾಲದಾಯಿತೇ? ಘಟನೆ ಹೇಳಬೇಕಾದ್ದು ಇದನ್ನು.

ಒಂದು ವಾಕ್ಯ ಘಟನೆಯಾಗಲು ಯೋಗ್ಯವೇ ಎಂದು ತಿಳಿಯಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಆಗಿ ಮುಗಿದ ಸಂಗತಿಯೇ? ಆಗಿದೆಯೋ ಇಲ್ಲವೋ ಎಂದು ಮೂರನೆಯವರು ಬಂದು ನೋಡಿ ಹೇಳಬಲ್ಲರೇ? ‘ತಪಾಸಣೆ ನಡೆಯುತ್ತಿದೆ’ ಎಂಬುದು ಮೊದಲನೆಯದರಲ್ಲೇ ಬಿದ್ದುಹೋಗುತ್ತದೆ. ‘ಗ್ರಾಹಕರಿಗೆ ಸಮಾಧಾನವಾಗಿದೆ’ ಎಂಬುದು ಎರಡನೆಯದರಲ್ಲಿ. ‘ವಸ್ತು ಗೋದಾಮಿಗೆ ಬಂದಿದೆ’ ಎರಡನ್ನೂ ದಾಟುತ್ತದೆ: ಗೋದಾಮಿನ ಪುಸ್ತಕದಲ್ಲಿ ನಮೂದು ಇದೆ ಅಥವಾ ಇಲ್ಲ.

ನಮ್ಮ ಪ್ರಕ್ರಿಯೆಗೆ ಹೀಗೆ ಕೂತು ಬರೆದರೆ ಸಿಗುವ ಘಟನೆಗಳು ಇವು: ವಾಪಸ್ ಕೋರಿಕೆ ಬಂದಿದೆ. ಕೋರಿಕೆ ಒಪ್ಪಿಗೆಯಾಗಿದೆ. ಕೋರಿಕೆ ತಿರಸ್ಕಾರವಾಗಿದೆ. ಕೋರಿಕೆಯಲ್ಲಿ ಮಾಹಿತಿ ಸಾಲದಾಗಿದೆ. ವಸ್ತು ಗೋದಾಮಿಗೆ ಬಂದಿದೆ. ವಸ್ತು ಸುಸ್ಥಿತಿಯಲ್ಲಿರುವುದು ಖಚಿತವಾಗಿದೆ. ವಸ್ತು ಹಾಳಾಗಿರುವುದು ಖಚಿತವಾಗಿದೆ. ಹಣ ಮರಳಿಸಲಾಗಿದೆ. ವಸ್ತು ದಾಸ್ತಾನಿಗೆ ಸೇರಿದೆ. ಕಡತ ಮುಚ್ಚಿದೆ.

ಪಟ್ಟಿ ಪೂರ್ತಿಯಲ್ಲ. ಏನು ಬಿಟ್ಟುಹೋಗಿದೆ ಎಂಬುದನ್ನು ನಕ್ಷೆಯ ನಿಯಮಗಳೇ ಮುಂದೆ ಎತ್ತಿ ತೋರಿಸುತ್ತವೆ.

ಮೂರನೇ ಹೆಜ್ಜೆ: ನಡುವೆ ಕೆಲಸಗಳನ್ನು ಇಡಿ

ಎರಡು ಘಟನೆಗಳ ನಡುವೆ ಯಾರೋ ಏನೋ ಮಾಡಿರುತ್ತಾರೆ. ಅದನ್ನು ಕ್ರಿಯಾಪದದಿಂದ ಮುಗಿಯುವಂತೆ ಬರೆಯಿರಿ: ‘ಕೋರಿಕೆ ಪರಿಶೀಲಿಸು’, ‘ವಸ್ತು ತಪಾಸಣೆ ಮಾಡು’, ‘ಹಣ ಮರಳಿಸು’. ‘ಕೋರಿಕೆ ನಿರ್ವಹಣೆ’ ಎಂಬಂಥ ಹೆಸರಿನೊಳಗೆ ಎಷ್ಟು ಕೆಲಸ ಬೇಕಾದರೂ ಅಡಗಬಹುದು, ಅದು ಬೇಡ.

ಘಟನೆ, ಕೆಲಸ, ಘಟನೆ, ಕೆಲಸ: ಸರಣಿ ಹೀಗೆ ಒಂದು ಬಿಟ್ಟು ಒಂದು ಸಾಗಬೇಕು. ಪ್ರತಿ ಕೆಲಸಕ್ಕೂ ಒಳಬರುವ ಬಾಣ ಒಂದು, ಹೊರಹೋಗುವ ಬಾಣ ಒಂದು. ಕವಲಾಗಲಿ ಸೇರುವಿಕೆಯಾಗಲಿ ಬೇಕಾದರೆ ಅದು ಕನೆಕ್ಟರ್‌ನಲ್ಲೇ ಆಗಬೇಕು, ಕೆಲಸದ ಅಂಚಿನಲ್ಲಿ ಅಲ್ಲ. ಒಬ್ಬರೇ ಒಂದೇ ಸಲಕ್ಕೆ ಕೂತು ಮಾಡಿ ಮುಗಿಸುವ ಎರಡು ಕೆಲಸಗಳ ನಡುವಿನ ಸಪ್ಪೆ ಘಟನೆಯನ್ನು ಕೆಲವರು ಬಿಟ್ಟುಬಿಡುತ್ತಾರೆ. ಅಭ್ಯಾಸ ಆಗುವವರೆಗೆ ಬಿಡಬೇಡಿ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಲ್ಲಂತೂ ಎಂದೂ ಬಿಡಬೇಡಿ, ಅಲ್ಲಿನ ಘಟನೆಯೇ ಇಬ್ಬರ ನಡುವಿನ ಒಪ್ಪಂದ.

ನಾಲ್ಕನೇ ಹೆಜ್ಜೆ: ಕವಲು, ಮತ್ತು ತೀರ್ಮಾನ ಯಾರದು ಎಂಬ ಪ್ರಶ್ನೆ

‘ಕೋರಿಕೆ ಪರಿಶೀಲಿಸು’ ಎಂಬ ಕೆಲಸದ ನಂತರ ಎಕ್ಸಾರ್ ಕನೆಕ್ಟರ್ ಬರುತ್ತದೆ, ಅದರಿಂದ ಮೂರು ಘಟನೆಗಳು ಹೊರಡುತ್ತವೆ: ಒಪ್ಪಿಗೆ, ತಿರಸ್ಕಾರ, ಮಾಹಿತಿ ಸಾಲದು. ಮೂರರಲ್ಲಿ ಒಂದು ಮಾತ್ರ ನಿಜವಾಗಬೇಕು, ಮೂರೂ ತಪ್ಪಿ ನಾಲ್ಕನೆಯದು ಆಗುವಂತಿರಬಾರದು. ಕವಲು ಹಾಕಿದಾಗಲೆಲ್ಲ ಈ ಎರಡನ್ನೂ ಬಾಯಿಬಿಟ್ಟು ಕೇಳಿಕೊಳ್ಳಿ.

ಇಪಿಸಿಯ ಅತಿ ಮುಖ್ಯ ನಿಯಮ ಇಲ್ಲಿದೆ. ಘಟನೆಯ ನಂತರ ‘ಎಕ್ಸಾರ್’ ಕವಲಾಗಲಿ, ‘ಅಥವಾ’ ಕವಲಾಗಲಿ ಬರುವಂತಿಲ್ಲ. ಘಟನೆ ಎಂದರೆ ಆಗಿಹೋದ ಸಂಗತಿ, ಅದಕ್ಕೆ ಆಯ್ಕೆ ಮಾಡುವ ಶಕ್ತಿ ಇಲ್ಲ. ಆಯ್ಕೆ ಮಾಡುವುದು ಕೆಲಸ, ಅಂದರೆ ಅದನ್ನು ಮಾಡುವ ವ್ಯಕ್ತಿ ಅಥವಾ ತಂತ್ರಾಂಶ. ‘ಮತ್ತು’ ಕವಲಿಗೆ ಈ ತಡೆ ಇಲ್ಲ, ಅಲ್ಲಿ ಆಯ್ಕೆಯೇ ಇಲ್ಲವಲ್ಲ.

ಹೊಸಬರಿಗೆ ಇದು ಬರೀ ವ್ಯಾಕರಣ ಅನ್ನಿಸುತ್ತದೆ. ಆದರೆ ಕಚೇರಿಗೆ ಈ ನಕ್ಷೆಯಿಂದ ಆಗುವ ಉಪಕಾರದಲ್ಲಿ ಬಹುಪಾಲು ಈ ಒಂದು ನಿಯಮದಿಂದಲೇ ಬರುತ್ತದೆ. ‘ವಸ್ತು ಗೋದಾಮಿಗೆ ಬಂದಿದೆ’ ಎಂಬ ಘಟನೆಯಿಂದ ನೇರವಾಗಿ ಸುಸ್ಥಿತಿ, ಹಾಳು ಎಂದು ಎರಡು ಕವಲು ಎಳೆಯಲು ಹೋದರೆ ನಿಯಮ ತಡೆಯುತ್ತದೆ. ನಡುವೆ ‘ವಸ್ತು ತಪಾಸಣೆ ಮಾಡು’ ಎಂದು ಬರೆಯಲೇಬೇಕು. ಬರೆದ ಕೂಡಲೇ ಯಾರು ಮಾಡುತ್ತಾರೆ, ಯಾವುದನ್ನು ಹಾಳು ಅನ್ನುತ್ತಾರೆ ಎಂಬ ಪ್ರಶ್ನೆ ಮೇಜಿನ ಮೇಲೆ ಬರುತ್ತದೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಪ್ರಕ್ರಿಯೆಯಲ್ಲಿ ತೂತು ಇದೆ ಎಂದೇ ಅರ್ಥ.

ಐದನೇ ಹೆಜ್ಜೆ: ಕಾಯುವುದನ್ನೂ ಬರೆಯಿರಿ

ಕೋರಿಕೆ ಒಪ್ಪಿಗೆಯಾಯಿತು, ವಸ್ತುವನ್ನು ಹೇಗೆ ಕಳಿಸಬೇಕೆಂದು ಗ್ರಾಹಕರಿಗೆ ಸೂಚನೆ ಹೋಯಿತು. ಮುಂದೆ ವಸ್ತು ಬರುತ್ತದೆ. ಬಾರದಿದ್ದರೆ? ಮೊದಲ ಕರಡುಗಳಲ್ಲಿ ಈ ಪ್ರಶ್ನೆ ಇರುವುದೇ ಇಲ್ಲ. ‘ಸೂಚನೆ ಕಳಿಸಲಾಗಿದೆ’ ಎಂಬ ಘಟನೆಯ ಕೆಳಗೆ ‘ವಸ್ತು ಬಂದಿದೆ’ ಎಂಬ ಇನ್ನೊಂದು ಘಟನೆಯನ್ನು ಅಂಟಿಸಿ ಮುಂದೆ ಹೋಗುತ್ತಾರೆ. ಎರಡು ಘಟನೆ ಸಾಲಾಗಿ ಬಂದಿತು, ನಿಯಮ ಮುರಿಯಿತು.

ಮುರಿದದ್ದನ್ನು ಸರಿಪಡಿಸಲು ನಡುವೆ ಒಂದು ಕೆಲಸ ಬೇಕು. ಯಾವುದು? ‘ವಸ್ತು ಬರುವುದನ್ನು ಗಮನಿಸು’. ಅದರ ನಂತರ ಎಕ್ಸಾರ್, ಎರಡು ಘಟನೆಗಳು:

ಸೂಚನೆ ಕಳಿಸಲಾಗಿದೆ → ವಸ್ತು ಬರುವುದನ್ನು ಗಮನಿಸು → ಎಕ್ಸಾರ್
ಒಂದು ದಾರಿ: ವಸ್ತು ಗೋದಾಮಿಗೆ ಬಂದಿದೆ → ವಸ್ತು ತಪಾಸಣೆ ಮಾಡು
ಇನ್ನೊಂದು ದಾರಿ: ಗಡುವು ಮುಗಿದಿದೆ → ಕೋರಿಕೆ ರದ್ದು ಮಾಡು → ಕೋರಿಕೆ ರದ್ದಾಗಿದೆ

ಗಮನಿಸುವುದು ಯಾರ ಹೊಣೆ? ಗ್ರಾಹಕ ಸೇವೆಯವರು ಸೂಚನೆ ಕಳಿಸಿ ಕೈ ತೊಳೆದುಕೊಂಡಿದ್ದಾರೆ, ಗೋದಾಮಿನವರಿಗೆ ವಸ್ತು ಬರಲಿದೆ ಎಂಬುದೇ ತಿಳಿಯದು. ಕಾಯುವುದು ಯಾರ ಕೆಲಸವೂ ಆಗಿರಲಿಲ್ಲ ಎಂಬುದು ಈ ಒಂದು ಚೀಟಿಯಿಂದ ಗೊತ್ತಾಗುತ್ತದೆ. ಗಡುವು ಎಷ್ಟು ದಿನ ಎಂಬುದನ್ನೂ ಇಲ್ಲೇ ತೀರ್ಮಾನಿಸಬೇಕಾಗುತ್ತದೆ. ಹೊರಗಿನವರ ಉತ್ತರಕ್ಕೆ, ಸರಕಿಗೆ, ಸಹಿಗೆ ಕಾಯುವ ಪ್ರತಿ ಜಾಗದಲ್ಲೂ ಹೀಗೆ ಗಡುವಿನ ಘಟನೆ ಇದೆಯೇ ಎಂದು ಹುಡುಕಿ. ಸಮಯ ಕಳೆದದ್ದೂ ಒಂದು ಘಟನೆಯೇ.

ಆರನೇ ಹೆಜ್ಜೆ: ಕವಲೊಡೆದದ್ದನ್ನು ಸರಿಯಾಗಿ ಸೇರಿಸಿ

ವಸ್ತು ಸುಸ್ಥಿತಿಯಲ್ಲಿದ್ದರೆ ಎರಡು ಕೆಲಸ ಏಕಕಾಲಕ್ಕೆ ನಡೆಯಬಹುದು. ಲೆಕ್ಕಪತ್ರ ವಿಭಾಗ ಹಣ ಮರಳಿಸುತ್ತದೆ, ಗೋದಾಮು ವಸ್ತುವನ್ನು ದಾಸ್ತಾನಿಗೆ ಸೇರಿಸುತ್ತದೆ. ಇಲ್ಲಿ ‘ಮತ್ತು’ ಕವಲು. ಎರಡೂ ಮುಗಿದ ಮೇಲೆ ಕಡತ ಮುಚ್ಚಬೇಕು, ಆದ್ದರಿಂದ ಎರಡೂ ದಾರಿಗಳು ಇನ್ನೊಂದು ‘ಮತ್ತು’ ಕನೆಕ್ಟರ್‌ನಲ್ಲಿ ಸೇರಿ ‘ಕಡತ ಮುಚ್ಚು’ ಎಂಬ ಕೆಲಸಕ್ಕೆ ಹೋಗುತ್ತವೆ. ಯಾವ ಬಗೆಯಿಂದ ಕವಲೊಡೆದಿರೋ ಅದೇ ಬಗೆಯಿಂದ ಸೇರಿಸಿ.

ಬಗೆ ತಪ್ಪಿದರೆ ಏನಾಗುತ್ತದೆ ನೋಡಿ. ಎಕ್ಸಾರ್‌ನಿಂದ ಕವಲೊಡೆದು ‘ಮತ್ತು’ವಿನಲ್ಲಿ ಸೇರಿಸಿದರೆ ಒಂದೇ ದಾರಿಯಲ್ಲಿ ಕಡತ ಬರುತ್ತದೆ, ಆದರೆ ಕನೆಕ್ಟರ್ ಎರಡಕ್ಕೂ ಕಾಯುತ್ತದೆ. ಎರಡನೆಯದು ಎಂದೂ ಬರುವುದಿಲ್ಲ, ಪ್ರಕ್ರಿಯೆ ಅಲ್ಲೇ ನಿಂತುಹೋಗುತ್ತದೆ. ತಿರುವುಮುರುವಾಗಿ ‘ಮತ್ತು’ವಿನಿಂದ ಕವಲೊಡೆದು ಎಕ್ಸಾರ್‌ನಲ್ಲಿ ಸೇರಿಸಿದರೆ ಎರಡು ದಾರಿಗಳೂ ಒಂದರ ಹಿಂದೊಂದು ಮುಂದೆ ಸಾಗಿ, ಮುಂದಿನ ಕೆಲಸ ಎರಡು ಸಲ ನಡೆಯುತ್ತದೆ. ಕಡತ ಎರಡು ಸಲ ಮುಚ್ಚಿದರೆ ಹೆಚ್ಚು ತೊಂದರೆ ಇಲ್ಲ. ಆ ಜಾಗದಲ್ಲಿ ಹಣ ಪಾವತಿ ಇದ್ದರೆ?

‘ಅಥವಾ’ ಕನೆಕ್ಟರ್ ಬಗ್ಗೆ ನನ್ನದು ಖಚಿತ ನಿಲುವು: ಬಳಸಬೇಡಿ. ಕವಲೊಡೆಯುವಾಗ ಅದು ಸುಲಭವಾಗಿ ಕಾಣುತ್ತದೆ, ಸೇರಿಸುವಾಗ ಕಾಡುತ್ತದೆ. ಸೇರುವ ಜಾಗದಲ್ಲಿ ಅದು ಎಷ್ಟು ದಾರಿಗಳಿಗೆ ಕಾಯಬೇಕು? ಹಿಂದೆ ಯಾವ ಯಾವ ದಾರಿಗಳು ಹೊರಟಿವೆ, ಅವುಗಳಲ್ಲಿ ಯಾವುದು ಇನ್ನೂ ಬರಬಹುದು ಎಂದು ನಕ್ಷೆಯನ್ನೆಲ್ಲ ನೋಡದೆ ಹೇಳಲಾಗದು. ವ್ಯಾನ್ ಡರ್ ಆಲ್ಸ್ಟ್, ಡೆಸೆಲ್, ಕಿಂಡ್ಲರ್ ಎಂಬ ಸಂಶೋಧಕರು ಈ ಸಮಸ್ಯೆಯನ್ನು 2002ರಲ್ಲಿ ಎತ್ತಿ ತೋರಿಸಿದರು. ಎರಡು ‘ಅಥವಾ’ಗಳು ಒಂದನ್ನೊಂದು ಕಾಯುತ್ತ ಕೂರುವ ನಕ್ಷೆಗಳಿಗೆ ಒಪ್ಪುವಂಥ ಅರ್ಥ ಕೊಡುವುದೇ ಕಷ್ಟ ಎಂಬುದು ಅವರ ವಾದ. ನಿಮಗೆ ನಿಜಕ್ಕೂ ‘ಇದು, ಅದು ಅಥವಾ ಎರಡೂ’ ಬೇಕಿದ್ದರೆ ಎಕ್ಸಾರ್‌ನಿಂದ ಮೂರು ಘಟನೆ ಬರೆಯಿರಿ: ಇದು ಮಾತ್ರ ಬೇಕಾಗಿದೆ, ಅದು ಮಾತ್ರ ಬೇಕಾಗಿದೆ, ಎರಡೂ ಬೇಕಾಗಿವೆ. ಮೂರನೆಯದರ ಕೆಳಗೆ ‘ಮತ್ತು’ ಹಾಕಿ. ನಕ್ಷೆ ಸ್ವಲ್ಪ ಉದ್ದವಾಗುತ್ತದೆ, ಅನುಮಾನ ಉಳಿಯುವುದಿಲ್ಲ.

ಸೇರಿಸುವ ಆತುರದಲ್ಲಿ ಆಗುವ ಇನ್ನೊಂದು ಎಡವಟ್ಟು ಇದೆ. ನಮ್ಮ ನಕ್ಷೆಯಲ್ಲಿ ‘ಕೋರಿಕೆ ತಿರಸ್ಕಾರವಾಗಿದೆ’, ‘ವಸ್ತು ಹಾಳಾಗಿರುವುದು ಖಚಿತವಾಗಿದೆ’ ಎಂಬ ಎರಡೂ ಕಡೆ ಗ್ರಾಹಕರಿಗೆ ಇಲ್ಲ ಎನ್ನಬೇಕು. ಎರಡನ್ನೂ ಎಕ್ಸಾರ್‌ನಲ್ಲಿ ಸೇರಿಸಿ ಒಂದೇ ‘ಗ್ರಾಹಕರಿಗೆ ಕಾರಣ ತಿಳಿಸು’ ಬರೆದರೆ ಚಂದ ಕಾಣುತ್ತದೆ, ನಿಯಮಕ್ಕೂ ಸರಿ. ಆದರೆ ಎರಡನೆಯ ಸಂದರ್ಭದಲ್ಲಿ ಹಾಳಾದ ವಸ್ತು ನಮ್ಮ ಗೋದಾಮಿನಲ್ಲಿ ಕೂತಿದೆ! ಅದನ್ನು ಗ್ರಾಹಕರಿಗೆ ಮರಳಿ ಕಳಿಸುವ ಕೆಲಸ ಈ ಚಂದದ ಸೇರುವಿಕೆಯಲ್ಲಿ ಮಾಯವಾಯಿತು. ಆ ದಾರಿಯನ್ನು ಬೇರೆಯಾಗಿಯೇ ಇಟ್ಟು, ಕಾರಣ ತಿಳಿಸುವುದನ್ನೂ ವಸ್ತು ಮರಳಿಸುವುದನ್ನೂ ಅಲ್ಲೇ ಬರೆಯುವುದು ಲೇಸು.

ಏಳನೇ ಹೆಜ್ಜೆ: ಹಿಂದಕ್ಕೆ ಹೋಗುವ ಬಾಣ

ಮಾಹಿತಿ ಸಾಲದಿದ್ದರೆ ಗ್ರಾಹಕರನ್ನು ಕೇಳಬೇಕು, ಉತ್ತರ ಬಂದ ಮೇಲೆ ಮತ್ತೆ ಪರಿಶೀಲಿಸಬೇಕು. ಬಾಣವನ್ನು ನೇರವಾಗಿ ‘ಕೋರಿಕೆ ಪರಿಶೀಲಿಸು’ ಎಂಬಲ್ಲಿಗೆ ಎಳೆದರೆ ಆ ಕೆಲಸಕ್ಕೆ ಎರಡು ಬಾಣ ಒಳಬಂದಂತಾಯಿತು. ಬದಲಿಗೆ ಕೆಲಸದ ಮೇಲೆ ಒಂದು ಎಕ್ಸಾರ್ ಇಡಿ. ಅದಕ್ಕೆ ಒಂದು ಕಡೆಯಿಂದ ‘ವಾಪಸ್ ಕೋರಿಕೆ ಬಂದಿದೆ’, ಇನ್ನೊಂದು ಕಡೆಯಿಂದ ‘ಹೆಚ್ಚಿನ ಮಾಹಿತಿ ಬಂದಿದೆ’. ಇಲ್ಲಿ ‘ಮತ್ತು’ ಹಾಕಿದರೆ ಪ್ರಕ್ರಿಯೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಉತ್ತರ ಬಾರದಿದ್ದರೆ ಎಂಬ ಗಡುವನ್ನೂ, ಎಷ್ಟು ಸಲ ಕೇಳಬಹುದು ಎಂಬುದನ್ನೂ ಮರೆಯಬೇಡಿ.

ಎಂಟನೇ ಹೆಜ್ಜೆ: ಜನ, ದಾಖಲೆ, ತಂತ್ರಾಂಶ

ಸರಣಿ ಗಟ್ಟಿಯಾದ ಮೇಲೆ ಮಾತ್ರ ಇವನ್ನು ಸೇರಿಸಿ. ವಿಭಾಗ ಅಥವಾ ಹುದ್ದೆಗೆ ಅಂಡಾಕಾರ, ದಾಖಲೆಗೆ ಆಯತ. ಇವು ಅಂಟಿಕೊಳ್ಳುವುದು ಕೆಲಸಕ್ಕೆ ಮಾತ್ರ, ಘಟನೆಗಲ್ಲ. ದಾಖಲೆಯ ಬಾಣ ಕೆಲಸದ ಕಡೆ ತಿರುಗಿದ್ದರೆ ಓದುತ್ತಾರೆ, ಕೆಲಸದಿಂದ ಹೊರಟಿದ್ದರೆ ಬರೆಯುತ್ತಾರೆ ಎಂದರ್ಥ. ವ್ಯಕ್ತಿಯ ಹೆಸರು ಬೇಡ, ಹುದ್ದೆ ಸಾಕು.

ಒಂಬತ್ತನೇ ಹೆಜ್ಜೆ: ನಾಣ್ಯ ಇಟ್ಟು ನಡೆಸಿ ನೋಡಿ

ನಕ್ಷೆ ಸರಿಯಿದೆಯೇ ಎಂದು ಕಣ್ಣಾಡಿಸಿದರೆ ತಿಳಿಯದು, ನಡೆಸಿ ನೋಡಬೇಕು. ಮೊದಲ ಘಟನೆಯ ಮೇಲೆ ಒಂದು ನಾಣ್ಯ ಇಡಿ. ಬಾಣ ಹಿಡಿದು ಮುಂದೆ ಸರಿಸಿ. ಎಕ್ಸಾರ್ ಕವಲು ಬಂದರೆ ಒಂದು ದಾರಿ ಆರಿಸಿಕೊಳ್ಳಿ. ‘ಮತ್ತು’ ಕವಲು ಬಂದರೆ ನಾಣ್ಯ ತೆಗೆದು ಪ್ರತಿ ದಾರಿಗೂ ಒಂದೊಂದು ಇಡಿ. ‘ಮತ್ತು’ ಸೇರುವಲ್ಲಿ ಎಲ್ಲ ಕಡೆಯಿಂದಲೂ ನಾಣ್ಯ ಬಂದ ಮೇಲೆ ಅವನ್ನು ಎತ್ತಿ ಒಂದನ್ನು ಮುಂದೆ ಕಳಿಸಿ. ಕೊನೆಯ ಘಟನೆಯಲ್ಲಿ ಒಂದೇ ನಾಣ್ಯ ಉಳಿಯಬೇಕು, ನಡುವೆ ಎಲ್ಲೂ ಸಿಕ್ಕಿಕೊಂಡಿರಬಾರದು. ಎಕ್ಸಾರ್‌ನ ಪ್ರತಿ ಆಯ್ಕೆಗೂ ಒಂದು ಸುತ್ತು ಹೀಗೆ ನಡೆಸಿ. ಕಾರ್ಲ್ ಆಡಮ್ ಪೆಟ್ರಿ 1962ರಲ್ಲಿ ತಮ್ಮ ಪ್ರಬಂಧದಲ್ಲಿ ಬುನಾದಿ ಹಾಕಿದ ಪೆಟ್ರಿ ಜಾಲಗಳ ಕ್ರಮ ಇದು. ಇಪಿಸಿಯನ್ನು ಗಣಿತದ ಮೂಲಕ ಪರೀಕ್ಷಿಸಿದವರೂ ಇದನ್ನೇ ಆಧರಿಸಿದ್ದಾರೆ.

ಪರಿಣತರಿಗೂ ಈ ಪರೀಕ್ಷೆ ಬೇಕು. ಸ್ಯಾಪ್‌ನ ಮಾದರಿ ಸಂಗ್ರಹದಲ್ಲಿ 604 ಇಪಿಸಿಗಳಿದ್ದವು. ಸಂಶೋಧಕರು 2006ರಲ್ಲಿ ಅವನ್ನು ಯಾಂತ್ರಿಕವಾಗಿ ಪರೀಕ್ಷಿಸಿದಾಗ ಕನಿಷ್ಠ 34ರಲ್ಲಿ ಇಂಥ ತರ್ಕದ ದೋಷಗಳು ಸಿಕ್ಕವು.

ಹತ್ತನೇ ಹೆಜ್ಜೆ: ದೊಡ್ಡದಾದರೆ ಒಡೆಯಿರಿ, ಆಮೇಲೆ ಕೆಲಸ ಮಾಡುವವರಿಗೆ ತೋರಿಸಿ

ಸಂಶೋಧಕ ಮೆಂಡ್ಲಿಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳಲ್ಲಿ ಒಂದು ಹೀಗಿದೆ: ನಕ್ಷೆಯಲ್ಲಿ 50ಕ್ಕಿಂತ ಹೆಚ್ಚು ಗುರುತುಗಳಿದ್ದರೆ ಒಡೆಯಿರಿ. ನಾನು ಇನ್ನೂ ಮೊದಲೇ ಒಡೆಯುತ್ತೇನೆ, ಒಂದು ಹಾಳೆಯಲ್ಲಿ ಓದಲಾಗದ ನಕ್ಷೆಯನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ. ಒಡೆಯುವ ಜಾಗ ಘಟನೆಯೇ ಆಗಿರಲಿ. ನಮ್ಮ ನಕ್ಷೆಯನ್ನು ‘ಕೋರಿಕೆ ಒಪ್ಪಿಗೆಯಾಗಿದೆ’ ಎಂಬಲ್ಲಿ ಕತ್ತರಿಸಬಹುದು. ಮೊದಲ ಹಾಳೆ ಆ ಘಟನೆಯಲ್ಲಿ ಮುಗಿದು, ಮುಂದಿನ ಪ್ರಕ್ರಿಯೆಯ ಹೆಸರಿರುವ ಕೊಂಡಿಗೆ ಬಾಣ ಹೋಗುತ್ತದೆ. ಎರಡನೇ ಹಾಳೆ ಹಿಂದಿನ ಪ್ರಕ್ರಿಯೆಯ ಕೊಂಡಿಯಿಂದ ಬಂದು ಅದೇ ಘಟನೆಯಿಂದ ಶುರುವಾಗುತ್ತದೆ. ಘಟನೆಯ ಹೆಸರು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು.

ತೋರಿಸುವಾಗ ಮೇಲಧಿಕಾರಿಗಳಿಗಿಂತ ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವವರಿಗೆ ತೋರಿಸಿ. ಸರಿಯಿದೆಯೇ ಎಂದು ಕೇಳಬೇಡಿ, ಕೇಳಿದರೆ ಹೌದು ಅಂದುಬಿಡುತ್ತಾರೆ. ಕಳೆದ ವಾರ ಬಂದ ಒಂದು ವಸ್ತುವನ್ನು ನೆನಪಿಸಿಕೊಂಡು, ಅದರ ದಾರಿಯನ್ನು ಈ ಹಾಳೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಬೆರಳು ಬಾಣ ಬಿಟ್ಟು ಹಾರಿದ ಕಡೆ ಒಂದು ಚೀಟಿ ಅಂಟಿಸಿ, ಅಲ್ಲಿ ಯಾವ ಘಟನೆ ಬಿಟ್ಟುಹೋಗಿದೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಸುಸ್ಥಿತಿಯಲ್ಲಿರುವ ವಸ್ತು, ಹಾಳಾದ ವಸ್ತು, ಗಡುವು ದಾಟಿ ಬಂದ ವಸ್ತು, ಈ ಮೂರಕ್ಕೂ ಹೀಗೆ ಮಾಡಿ. ಮೂರನೆಯದಕ್ಕೆ ನಮ್ಮ ನಕ್ಷೆಯಲ್ಲಿ ದಾರಿಯೇ ಇಲ್ಲ: ಕೋರಿಕೆ ರದ್ದಾದ ಮೇಲೂ ಪೆಟ್ಟಿಗೆ ಬಾಗಿಲಿಗೆ ಬರಬಹುದು. ಅದನ್ನು ಹೊಸ ಆರಂಭದ ಘಟನೆಯಾಗಿ ಸೇರಿಸಿ, ಕೆಳಗೆ ‘ತಡವಾಗಿ ಬಂದ ವಸ್ತುವಿನ ಬಗ್ಗೆ ತೀರ್ಮಾನಿಸು’ ಎಂದು ಬರೆದು, ಪಕ್ಕದಲ್ಲಿ ಆ ತೀರ್ಮಾನ ಯಾವ ಹುದ್ದೆಯದು ಎಂದು ನಮೂದಿಸಿ. ಆಮೇಲೆ ಹಾಳೆಯ ಮೂಲೆಯಲ್ಲಿ ದಿನಾಂಕ, ಆವೃತ್ತಿ ಸಂಖ್ಯೆ, ನಕ್ಷೆಯ ಹೊಣೆ ಹೊತ್ತ ಹುದ್ದೆಯ ಹೆಸರು ಹಾಕಿ ತಂತ್ರಾಂಶಕ್ಕೆ ಇಳಿಸಿ.